ಹನ್ನೊಂದು ಪ್ಯಾಚ್ ಹಾಕುವ ಸ್ಕ್ರಿಪ್ಟ್: ಡಿಡಬ್ಲ್ಯೂಎಂ 6.2ರಿಂದ 6.5ಕ್ಕೆ

ನನ್ನದು ಹಳೆಯ ಥಿಂಕ್‌ಪ್ಯಾಡ್. ರ‍್ಯಾಮ್ 4 ಜಿಬಿ, ಬ್ಯಾಟರಿ ಹೆಚ್ಚೆಂದರೆ ಇಪ್ಪತ್ತು ನಿಮಿಷ. ಡೆಬಿಯನ್ 12 ಲಿನಕ್ಸ್ ಹಾಕಿದ್ದೇನೆ, ಅದರ ಮೇಲೆ ಡಿಡಬ್ಲ್ಯೂಎಂ. ಇದು ಸಕ್‌ಲೆಸ್ ಎಂಬ ಗುಂಪಿನವರ ವಿಂಡೋ ಮ್ಯಾನೇಜರ್, ಅಂದರೆ ಪರದೆ ಮೇಲೆ ಕಿಟಕಿಗಳನ್ನು ಜೋಡಿಸುವ ಪ್ರೋಗ್ರಾಂ. ಗೊತ್ತಿಲ್ಲದವರಿಗೆ ಒಂದೇ ಮಾತು: ಇದರಲ್ಲಿ ಸೆಟ್ಟಿಂಗ್ಸ್ ಮೆನು ಅಂತ ಇಲ್ಲ. ಏನೇ ಬದಲಿಸಬೇಕಿದ್ದರೂ ಸಿ ಕೋಡ್ ಬದಲಿಸಿ ಮತ್ತೆ ಕಂಪೈಲ್ ಮಾಡಬೇಕು. ಹೊಸದೇನಾದರೂ ಬೇಕಾ, ಯಾರೋ ಬರೆದಿಟ್ಟ ಪ್ಯಾಚ್ (ಕೋಡ್‌ನಲ್ಲಿ ಯಾವ ಸಾಲು ಸೇರಿಸಬೇಕು, ಯಾವುದು ತೆಗೆಯಬೇಕು ಅಂತ ಹೇಳುವ ಫೈಲ್) ತಂದು ಹಾಕಿಕೊಳ್ಳಬೇಕು.

ನಾನು ಹೀಗೆ ಹಾಕಿಕೊಂಡದ್ದು ಹನ್ನೊಂದು. ಪ್ಯಾಂಗೋ, ಸಿಸ್‌ಟ್ರೇ, ಪರ್‌ಟ್ಯಾಗ್, ಫುಲ್‌ಗ್ಯಾಪ್ಸ್, ಅಟ್ಯಾಚ್‌ಬಾಟಮ್, ಮೂವ್‌ಸ್ಟ್ಯಾಕ್, ಆಕ್ಚುಯಲ್‌ಫುಲ್‌ಸ್ಕ್ರೀನ್, ಆಲ್ವೇಸ್‌ಸೆಂಟರ್, ರೀಸ್ಟಾರ್ಟ್‌ಸಿಗ್ - ಇವು ಒಂಬತ್ತು ಬೇರೆಯವರವು. ಉಳಿದ ಎರಡು ನನ್ನವೇ, ನಾಲ್ಕು ಸಾಲಿನ ಚಿಲ್ಲರೆ ಪ್ಯಾಚ್‌ಗಳು.

ಇವುಗಳಲ್ಲಿ ಪ್ಯಾಂಗೋ ಇಲ್ಲದೆ ನನಗೆ ಆಗುವುದೇ ಇಲ್ಲ. ಡಿಡಬ್ಲ್ಯೂಎಂ ಅಕ್ಷರ ಮೂಡಿಸುವುದು ಎಕ್ಸ್‌ಎಫ್‌ಟಿ ಎಂಬ ಲೈಬ್ರರಿಯಿಂದ. ಅದಕ್ಕೆ ಒತ್ತಕ್ಷರ ಗೊತ್ತಿಲ್ಲ. ಬ್ರೌಸರ್‌ನಲ್ಲಿ ಅಡಿಕೆ ಮಾರುಕಟ್ಟೆ ರೇಟು ನೋಡಲು ಹೋದರೆ ಮೇಲಿನ ಬಾರ್‌ನಲ್ಲಿ 'ಟ್ಟೆ' ಒಂದು ಅಕ್ಷರವಾಗಿ ಬರುವುದಿಲ್ಲ. ಟ ಒಂದು ಕಡೆ, ಟೆ ಇನ್ನೊಂದು ಕಡೆ, ನಡುವೆ ವಿರಾಮ ಚಿಹ್ನೆ ಕೊಂಬಿನ ಹಾಗೆ ನಿಂತಿರುತ್ತದೆ. ಪ್ಯಾಂಗೋ ಹಾಕಿದರೆ ಒತ್ತು ತನ್ನ ಜಾಗಕ್ಕೆ ಹೋಗಿ ಕೂರುತ್ತದೆ.

ನನ್ನ ಹತ್ತಿರ ಇದ್ದದ್ದು 6.2, ಅಂದರೆ 2019ರದ್ದು. 2024ರ ಮಾರ್ಚ್‌ನಲ್ಲಿ 6.5 ಬಂತು. ಇಷ್ಟು ವರ್ಷ ಅಪ್‌ಡೇಟ್ ಮಾಡದೇ ಇದ್ದದ್ದಕ್ಕೆ ಕಾರಣ ಸೋಮಾರಿತನ ಅಲ್ಲ, ಹೆದರಿಕೆ. ಹನ್ನೊಂದನ್ನೂ ಮತ್ತೆ ಹಾಕಬೇಕಲ್ಲ. ಈ ಸಲ ಸ್ಕ್ರಿಪ್ಟ್ ಬರೆದೇ ಮಾಡೋಣ ಅಂತ ಕೂತೆ. ಒಂದು ಶನಿವಾರದ ಕೆಲಸ ಅಂದುಕೊಂಡಿದ್ದೆ. ಕೆಳಗಿರುವುದು ಆಗ ಬರೆದಿಟ್ಟುಕೊಂಡ ಟಿಪ್ಪಣಿ, ಸ್ವಲ್ಪ ತಿದ್ದಿದ್ದು. ಕಮಾಂಡ್‌ಗಳನ್ನು ಕನ್ನಡ ಅಕ್ಷರದಲ್ಲೇ ಬರೆದಿದ್ದೇನೆ, ಟರ್ಮಿನಲ್‌ನಲ್ಲಿ ಮಾತ್ರ ಇಂಗ್ಲಿಷ್‌ನಲ್ಲೇ ಹೊಡೆಯಬೇಕು ಅಂತ ಹೇಳಬೇಕಾಗಿಲ್ಲ.

ಬೇಕಾದ ಸಾಮಾನು: ಗಿಟ್ (ಕೋಡ್‌ನ ಬದಲಾವಣೆಗಳ ಲೆಕ್ಕ ಇಡುವುದು), ಕಂಪೈಲ್ ಮಾಡಲು ಜಿಸಿಸಿ, ಮೇಕ್, ಪ್ಯಾಚ್ (ಪ್ಯಾಚ್ ಫೈಲನ್ನು ಕೋಡ್‌ಗೆ ಹಾಕುವ ಕಮಾಂಡ್, ಡೆಬಿಯನ್ 12ರಲ್ಲಿ 2.7.6), ಪ್ಯಾಚ್‌ಯುಟಿಲ್ಸ್, ಎಕ್ಸ್11, ಎಕ್ಸ್‌ಎಫ್‌ಟಿ, ಕ್ಸಿನೆರಾಮಾ, ಪ್ಯಾಂಗೋ - ಈ ನಾಲ್ಕರ ಡೆವ್ ಪ್ಯಾಕೇಜ್‌ಗಳು, ಪರೀಕ್ಷೆಗೆ ಝೆಫರ್ (ಪರದೆಯೊಳಗೆ ಇನ್ನೊಂದು ಪರದೆ ತೆರೆಯುವ ಪ್ರೋಗ್ರಾಂ). ಎಲ್ಲ ಡೆಬಿಯನ್‌ನ ಇನ್‌ಸ್ಟಾಲ್ ಕಮಾಂಡ್ ಆಪ್ಟ್‌ನಲ್ಲೇ ಸಿಗುತ್ತವೆ. ಖರ್ಚು ಸೊನ್ನೆ ರೂಪಾಯಿ.

ಜೂನ್ 8, ಶನಿವಾರ ಬೆಳಗ್ಗೆ: ಪ್ಯಾಚ್ ಕೂಡಿ ಹಾಕಿದ್ದು

ಗಿಟ್ ಕ್ಲೋನ್ ಮಾಡಿ 6.5 ಟ್ಯಾಗ್‌ಗೆ ಹೋದೆ. ಹಳೆಯ ಪ್ಯಾಚ್‌ಗಳು ಅಲ್ಲಲ್ಲಿ ಚೆಲ್ಲಿದ್ದವು. ಕೆಲವು ಇದ್ದವು, ಕೆಲವನ್ನು ಮತ್ತೆ ಇಳಿಸಿಕೊಳ್ಳಬೇಕಿತ್ತು. ಕರ್ಲ್‌ನಲ್ಲಿ ಸಾಲಾಗಿ ಇಳಿಸಿದೆ.

ಮೊದಲನೆಯದೇ ಎಡವಟ್ಟು. ಒಂದು ಪ್ಯಾಚ್ ಹಾಕಲು ಹೋದರೆ 'ಓನ್ಲಿ ಗಾರ್ಬೇಜ್ ವಾಸ್ ಫೌಂಡ್' ಅಂತ ಬೈಗುಳ. ಫೈಲ್ ತೆರೆದು ನೋಡಿದರೆ ಒಳಗಿರುವುದು ಪ್ಯಾಚ್ ಅಲ್ಲ, 404 ಪುಟದ ಎಚ್‌ಟಿಎಂಎಲ್. ಫೈಲ್ ಹೆಸರಿನಲ್ಲಿ ಒಂದು ಅಂಕಿ ತಪ್ಪು ಹೊಡೆದಿದ್ದೆ. ಪುಟ ಸಿಗದಿದ್ದರೂ ಕರ್ಲ್ ಸುಮ್ನೆ ಬಂದದ್ದನ್ನು ಉಳಿಸಿಬಿಡುತ್ತದೆ. --ಫೇಲ್ ಅಂತ ಹೇಳಿದರೆ ಮಾತ್ರ ತಪ್ಪು ಅಂತ ನಿಲ್ಲುತ್ತದೆ.

ಇನ್ನೊಂದನ್ನು ಬ್ರೌಸರ್‌ನಿಂದ ಕಾಪಿ ಮಾಡಿ ಅಂಟಿಸಿದ್ದೆ. ಅದರ ಒಂದು ಹಂಕ್ (ಪ್ಯಾಚ್‌ನೊಳಗಿನ ಒಂದು ತುಂಡು) ಕೂಡ ಹತ್ತಲಿಲ್ಲ. ಡಿಡಬ್ಲ್ಯೂಎಂ ಕೋಡ್ ಪೂರ್ತಿ ಟ್ಯಾಬ್‌ನಲ್ಲಿದೆ, ಅಂಟಿಸುವಾಗ ಟ್ಯಾಬ್ ಎಲ್ಲ ಸ್ಪೇಸ್ ಆಗಿತ್ತು. ಕಣ್ಣಿಗೆ ಎರಡೂ ಒಂದೇ ಥರ ಕಾಣುತ್ತದೆ, ಅದೇ ಕಷ್ಟ. ಅರ್ಧ ಗಂಟೆ ಹೋಯ್ತು. ಪ್ಯಾಚ್ ಅನ್ನು ಕಾಪಿ-ಪೇಸ್ಟ್ ಮಾಡಬೇಡಿ, ಫೈಲ್ ಆಗಿಯೇ ಇಳಿಸಿಕೊಳ್ಳಿ.

ಜೂನ್ 8, ರಾತ್ರಿ: ಮೊದಲ ಸ್ಕ್ರಿಪ್ಟ್, ಮೂರು ಸಾಲು

ಪ್ಯಾಚ್‌ಗಳಿಗೆ 1-, 2-, 3- ಅಂತ ನಂಬರ್ ಕೊಟ್ಟು ಒಂದು ಫೋಲ್ಡರ್‌ಗೆ ಹಾಕಿದೆ. ಒಂದು ಫಾರ್ ಲೂಪ್, ಒಳಗೆ 'ಪ್ಯಾಚ್ -ಪಿ1', ಅಷ್ಟೇ. ಪಿ1 ಯಾಕೆಂದರೆ ಗಿಟ್‌ನಿಂದ ಬಂದ ಡಿಫ್‌ನಲ್ಲಿ (ಎರಡು ಪ್ರತಿಗಳ ವ್ಯತ್ಯಾಸದ ಪಟ್ಟಿಯಲ್ಲಿ) ಫೈಲ್ ಹೆಸರಿನ ಶುರುವಿನಲ್ಲಿ 'ಎ/' 'ಬಿ/' ಅಂತ ಅಂಟಿರುತ್ತದೆ, ಅದನ್ನು ಕತ್ತರಿಸಬೇಕು.

ಓಡಿಸಿದೆ. ಪರದೆ ತುಂಬ ಸಾಲುಗಳು ಹರಿದು ಹೋದವು. ಎಲ್ಲಿ ಕೆಟ್ಟಿತು ಗೊತ್ತಾಗಲಿಲ್ಲ. ಮತ್ತೊಮ್ಮೆ ಓಡಿಸಿ ನೋಡೋಣ ಅಂತ ಅದೇ ಫೋಲ್ಡರ್‌ನಲ್ಲಿ ಮತ್ತೆ ಎಂಟರ್ ಒತ್ತಿದೆ. ಇದು ಆ ದಿನದ ದೊಡ್ಡ ತಪ್ಪು.

ಒಮ್ಮೆ ಹಾಕಿದ ಪ್ಯಾಚ್ ಅನ್ನು ಮತ್ತೆ ಹಾಕಲು ಹೋದರೆ ಪ್ಯಾಚ್ ಕಮಾಂಡ್ ಒಂದು ಪ್ರಶ್ನೆ ಕೇಳುತ್ತದೆ. ಇದು ತಿರುಗುಮುರುಗಾಗಿದೆಯೋ ಅಥವಾ ಆಗಲೇ ಹಾಕಿದ್ದೋ ಕಾಣುತ್ತಿದೆ, ತಿರುಗಿಸಿ ಹಾಕಲೇ ಅಂತ. ಆಪ್ಟ್ ಕೇಳಿದಾಗಲೆಲ್ಲ 'ವೈ' ಒತ್ತಿ ಅಭ್ಯಾಸ ಆದ ಕೈ. ಓದದೇ ವೈ ಒತ್ತಿದೆ. ಮತ್ತೆ ಕೇಳಿತು, ಮತ್ತೆ ವೈ. 'ತಿರುಗಿಸಿ ಹಾಕು' ಅಂದರೆ ಹಾಕಿದ್ದನ್ನು ಕಿತ್ತುಹಾಕು ಅಂತ. ಐದಾರು ಪ್ಯಾಚ್‌ನ ಅರ್ಧರ್ಧ ಹೊರಗೆ ಬಂತು, ಉಳಿದದ್ದು ಒಳಗೇ ಉಳಿಯಿತು. ಲ್ಯಾರಿ ವಾಲ್ ಈ ಕಮಾಂಡ್ ಬರೆದದ್ದು 1985ರಲ್ಲಿ. ನನಗಿಂತ ದೊಡ್ಡವನು ಕೇಳಿದ ಪ್ರಶ್ನೆಗೆ ನಾನು ತಲೆ ಎತ್ತಿ ಕೂಡ ನೋಡಲಿಲ್ಲ.

ಸ್ಕ್ರಿಪ್ಟ್‌ನಲ್ಲಿ ಪ್ರಶ್ನೆ ಬರಲೇಬಾರದು. --ಫಾರ್ವರ್ಡ್ ಸೇರಿಸಿದೆ. ಆಗ ಅದು ಕೇಳುವುದಿಲ್ಲ, ಬಿಟ್ಟು ಮುಂದೆ ಹೋಗುತ್ತದೆ, ಎಕ್ಸಿಟ್ ಕೋಡ್ (ಮುಗಿಯುವಾಗ ಕೊಡುವ ಅಂಕಿ, ಸೊನ್ನೆ ಅಂದರೆ ಸರಿ) 1 ಕೊಡುತ್ತದೆ. ತೊಂದರೆ ಏನೆಂದರೆ ಹಂಕ್ ಹತ್ತದೇ ಹೋದರೂ ಕೊಡುವುದು ಅದೇ 1. ಆಗಲೇ ಹಾಕಿದೆಯಾ ಅಥವಾ ಕೆಟ್ಟಿತಾ ಅಂತ ಬೇರೆ ಮಾಡಲು, ಮೊದಲು ತಿರುಗಿಸಿ ಡ್ರೈ-ರನ್ (ಬರೀ ತಾಲೀಮು) ಮಾಡಿ ನೋಡುವ ಇಪ್ಪತ್ತು ಸಾಲು ಬರೆದೆ. ಒಳ್ಳೆಯ ಕೋಡ್ ಅಂತಲೇ ಅನ್ನಿಸಿತ್ತು. ಮುಂದಿನ ವಾರ ಪೂರ್ತಿ ಅಳಿಸಿದೆ, ಯಾಕೆ ಅಂತ ಬರುತ್ತದೆ.

ಜೂನ್ 9, ಭಾನುವಾರ: ಸಾಲು ತಪ್ಪಿದ್ದು

ಗಿಟ್‌ನಲ್ಲಿ ಹಿಂದಕ್ಕೆ ಹೋಗಿ ಹೊಸದಾಗಿ ಓಡಿಸಿದೆ. 2ನೇ ಪ್ಯಾಚ್‌ನಲ್ಲೇ ನಿಂತಿತು. ಕಳೆದ ಸಲ 2ನೆಯದು ಚೆನ್ನಾಗಿಯೇ ಹೋಗುತ್ತಿತ್ತಲ್ಲ? ಎಕೋ ಹಾಕಿ ನೋಡಿದರೆ ಹೋಗುತ್ತಿದ್ದ ಕ್ರಮ 1, 10, 11, 2, 3. ಶೆಲ್ ಹೆಸರನ್ನು ಅಕ್ಷರದ ಲೆಕ್ಕದಲ್ಲಿ ಜೋಡಿಸುತ್ತದೆ, ಅಂಕಿಯ ಲೆಕ್ಕದಲ್ಲಿ ಅಲ್ಲ. ಹಿಂದಿನ ರಾತ್ರಿ ಫೋಲ್ಡರ್‌ನಲ್ಲಿ ಇದ್ದದ್ದು ಒಂಬತ್ತೇ ಪ್ಯಾಚ್, ನನ್ನವು ಎರಡನ್ನು ಬೆಳಗ್ಗೆ ಸೇರಿಸಿದ್ದೆ. ಅದಕ್ಕೇ ಆಗ ಕಾಣಲಿಲ್ಲ.

01, 02 ಅಂತ ಸೊನ್ನೆ ಸೇರಿಸಿದರೆ ಸರಿಹೋಗುತ್ತಿತ್ತು. ಆದರೆ ನಡುವೆ ಒಂದನ್ನು ಕೈಬಿಡಬೇಕು ಅಂದಾಗಲೆಲ್ಲ ಹೆಸರು ಬದಲಿಸುತ್ತ ಕೂರಬೇಕಲ್ಲ. ಹಾಗಾಗಿ 'ಸೀರೀಸ್' ಅಂತ ಒಂದು ಪಟ್ಟಿ ಫೈಲ್ ಮಾಡಿದೆ. ಸಾಲಿಗೊಂದು ಹೆಸರು, ಬೇಡದ ಸಾಲಿಗೆ ಮುಂದೆ ಹ್ಯಾಷ್. ಇದು ನನ್ನ ಐಡಿಯಾ ಅಲ್ಲ, ಪ್ಯಾಚ್‌ಗಳ ಸಾಲನ್ನು ನಿಭಾಯಿಸುವ ಕ್ವಿಲ್ಟ್ ಎಂಬ ಪ್ರೋಗ್ರಾಂನದ್ದು. ಡೆಬಿಯನ್‌ನವರು ತಮ್ಮ ಪ್ಯಾಕೇಜ್‌ಗಳಲ್ಲಿ ಪ್ಯಾಚ್ ಇಡುವುದೂ ಹೀಗೆಯೇ.

ಕ್ವಿಲ್ಟ್ ಇದ್ದ ಮೇಲೆ ಸ್ಕ್ರಿಪ್ಟ್ ಯಾಕೆ ಅಂತ ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆ. ನನಗೆ ಕ್ವಿಲ್ಟ್ ನೆನಪಾಗುವಷ್ಟರಲ್ಲಿ ಅರ್ಧ ದಾರಿ ಬಂದಿದ್ದೆ, ವಾಪಸ್ ಹೋಗಲು ಮನಸ್ಸು ಬರಲಿಲ್ಲ. ಜೊತೆಗೆ ನನಗೆ ಕಂಪೈಲ್, ಪರೀಕ್ಷೆ, ಇನ್‌ಸ್ಟಾಲ್ ಎಲ್ಲ ಒಂದೇ ಕಮಾಂಡ್‌ನಲ್ಲಿ ಬೇಕಿತ್ತು. ಐವತ್ತು ಪ್ಯಾಚ್ ಇದ್ದಿದ್ದರೆ ಕಣ್ಣು ಮುಚ್ಚಿ ಕ್ವಿಲ್ಟ್ ಹಿಡಿಯುತ್ತಿದ್ದೆ.

ಸೀರೀಸ್ ಓದಲು ವೈಲ್ ರೀಡ್ ಲೂಪ್ ಹಾಕಿದೆ. ಓಡಿತು, ಎಲ್ಲ ಸರಿ ಅಂದಿತು. ಆದರೆ ಕೊನೆಯ ಪ್ಯಾಚ್‌ನ ಗುರುತೇ ಇಲ್ಲ. ಆಗಿದ್ದೇನೆಂದರೆ, 11ನೇ ಹೆಸರನ್ನು ಪ್ರಿಂಟ್‌ಎಫ್‌ನಿಂದ ಫೈಲ್ ಬಾಲಕ್ಕೆ ಸೇರಿಸಿದ್ದೆ, ಹೊಸ ಸಾಲಿನ ಚಿಹ್ನೆ ಹಾಕಿರಲಿಲ್ಲ. ಸಾಲು ಮುಗಿಯದೇ ಫೈಲ್ ಮುಗಿದರೆ ರೀಡ್ 'ಇನ್ನಿಲ್ಲ' ಅಂದುಬಿಡುತ್ತದೆ. ಹೆಸರು ವೇರಿಯೇಬಲ್ ಒಳಗೆ ಬಂದಿರುತ್ತದೆ, ಲೂಪ್ ಮಾತ್ರ ಒಳಗೆ ಹೋಗುವುದಿಲ್ಲ. 'ರೀಡ್ ಸೋತರೂ ವೇರಿಯೇಬಲ್ ಖಾಲಿ ಇಲ್ಲದಿದ್ದರೆ ಒಳಗೆ ಹೋಗು' ಅಂತ ಷರತ್ತು ಸೇರಿಸಿದೆ. ಕೊನೆಗೆ ಎಷ್ಟು ಹಾಕಿದೆ ಅಂತ ಎಣಿಸಿ ತೋರಿಸುವಂತೆಯೂ ಮಾಡಿದೆ. 11ರಲ್ಲಿ 10 ಅಂತ ಬಂದಿದ್ದರೆ ಆ ಗಂಟೆ ಉಳಿಯುತ್ತಿತ್ತು.

ಜೂನ್ 15, ಶನಿವಾರ: ಡ್ರೈ-ರನ್ ಮತ್ತು ಮಳೆ

ಈ ವಾರ ಸಾಗರದ ಮನೆಯಲ್ಲಿದ್ದೆ. ಹೊರಗೆ ಹೋಗುವ ಹಾಗಿರಲಿಲ್ಲ, ಮಳೆ.

ಹೊಸ ಯೋಜನೆ: ಮೊದಲು ಹನ್ನೊಂದನ್ನೂ ಡ್ರೈ-ರನ್ ಮಾಡುವುದು. ಎಲ್ಲ ಸರಿ ಇದ್ದರೆ ಮಾತ್ರ ನಿಜವಾಗಿ ಹಾಕುವುದು. ಕೇಳಲು ಎಷ್ಟು ಜಾಣತನ ಅಲ್ವಾ? ನಾಲ್ಕು ಪ್ಯಾಚ್ ಫೇಲ್ ಅಂದಿತು. ಅದೇ ನಾಲ್ಕನ್ನು ಕೈಯಿಂದ ಸಾಲಾಗಿ ಹಾಕಿದರೆ ಹತ್ತುತ್ತಿದ್ದವು. ಅರ್ಧ ಲೋಟ ಕಾಫಿ ಮುಗಿಯುವಷ್ಟರಲ್ಲಿ ಹೊಳೆಯಿತು: ಡ್ರೈ-ರನ್ ಏನನ್ನೂ ಬರೆಯುವುದಿಲ್ಲ. 5ನೇ ಪ್ಯಾಚ್ ನಿಂತಿರುವುದು 1ನೇ ಪ್ಯಾಚ್ ಸೇರಿಸಿದ ಸಾಲುಗಳ ಮೇಲೆ, ಆ ಸಾಲುಗಳೇ ಅಲ್ಲಿ ಇಲ್ಲ. ಗೋಡೆ ಕಟ್ಟದೆ ಮಾಡು ಹೊದೆಸಿ ನೋಡಿದ ಹಾಗೆ.

ಸರಿ, ಒಂದೊಂದಕ್ಕೂ ಡ್ರೈ-ರನ್ ಮಾಡಿ ತಕ್ಷಣ ಹಾಕೋಣ ಅಂತ ಬದಲಿಸಿ ಓಡಿಸಿದೆ. ಕಂಪೈಲ್ ಕೂಡ ಜೊತೆಗೇ ಶುರು ಮಾಡಿದ್ದೆ. ಅಷ್ಟರಲ್ಲಿ ಕರೆಂಟ್ ಹೋಯ್ತು. ಬ್ಯಾಟರಿ ಇಪ್ಪತ್ತು ನಿಮಿಷ ಅಂದೆನಲ್ಲ, ಅವತ್ತು ಅದೂ ಇರಲಿಲ್ಲ. ಪರದೆ ಕಪ್ಪಾಯಿತು.

ಸಂಜೆ ಕರೆಂಟ್ ಬಂದ ಮೇಲೆ ನೋಡಿದರೆ ಹನ್ನೊಂದರಲ್ಲಿ ಎಷ್ಟು ಹೋಗಿದೆ, ಯಾವುದು ಅರ್ಧ ಹೋಗಿದೆ ಒಂದೂ ತಿಳಿಯದು. ಪ್ಯಾಚ್ ಕಮಾಂಡ್‌ನ ಗುಣವೇ ಅದು: ಐದು ಹಂಕ್‌ನಲ್ಲಿ ಮೂರು ಹತ್ತಿದರೆ ಆ ಮೂರನ್ನು ಹಾಗೇ ಬಿಡುತ್ತದೆ, ಉಳಿದ ಎರಡನ್ನು .ರೆಜ್ ಫೈಲ್‌ಗೆ ಬರೆಯುತ್ತದೆ. ಗಿಟ್ ರೀಸೆಟ್ ಹಾರ್ಡ್ ಮಾಡಿದೆ. ಬದಲಾದ ಫೈಲ್‌ಗಳು ಸರಿಯಾದವು. ಆದರೆ ಮೂವ್‌ಸ್ಟ್ಯಾಕ್ ಹೊಸದಾಗಿ ತಂದ ಮೂವ್‌ಸ್ಟ್ಯಾಕ್.ಸಿ, ಅಲ್ಲಲ್ಲಿ ಬಿದ್ದ .ರೆಜ್, .ಆರಿಗ್ ಫೈಲ್‌ಗಳು ಹಾಗೇ ಇದ್ದವು. ರೀಸೆಟ್ ತನಗೆ ಗುರುತಿಲ್ಲದ ಫೈಲ್‌ಗಳನ್ನು ಮುಟ್ಟುವುದಿಲ್ಲ.

ಸಿಟ್ಟಿನಲ್ಲಿ ಗಿಟ್ ಕ್ಲೀನ್ -ಎಫ್‌ಡಿಎಕ್ಸ್ ಹೊಡೆದೆ. ಎಲ್ಲ ಹೋಯಿತು. ನನ್ನ ಸೆಟ್ಟಿಂಗ್ ಎಲ್ಲ ಇರುವ ಕಾನ್ಫಿಗ್.ಹೆಚ್ ಕೂಡ ಹೋಯಿತು. ಅದೂ ಗಿಟ್‌ನ ಗುರುತಿಲ್ಲದ ಫೈಲೇ ತಾನೆ. ಪುಣ್ಯಕ್ಕೆ 6.2ರ ಹಳೆಯ ಫೋಲ್ಡರ್‌ನಲ್ಲಿ ಒಂದು ಪ್ರತಿ ಇತ್ತು, ಆ ಮಧ್ಯಾಹ್ನ ಮಾಡಿದ ಬದಲಾವಣೆ ಮಾತ್ರ ನೀರಿಗೆ ಬಿತ್ತು.

ನನ್ನ ತಮ್ಮ ಪಕ್ಕದಲ್ಲಿ ಕೂತು ಇದನ್ನೆಲ್ಲ ನೋಡುತ್ತಿದ್ದ. "ಅಣ್ಣಾ, ಕಿಟಕಿ ಜಾಗ ಬದಲಾಯ್ಸೋಕೆ ಇಷ್ಟೆಲ್ಲ ಬೇಕಾ? ಮೌಸಲ್ಲಿ ಎಳೆದ್ರೆ ಆಗಲ್ವಾ?" ಅಂದ. ಉತ್ತರ ಇರಲಿಲ್ಲ.

ಆ ರಾತ್ರಿ ಮಾಡಿದ ಬದಲಾವಣೆಯೇ ಈ ಸ್ಕ್ರಿಪ್ಟ್‌ನ ಬೆನ್ನೆಲುಬು. ಮೂಲ ಫೋಲ್ಡರ್ ಅನ್ನು ಮುಟ್ಟುವುದೇ ಇಲ್ಲ. ಪ್ರತಿ ಸಲ 'ಗಿಟ್ ವರ್ಕ್‌ಟ್ರೀ ಆಡ್ --ಡಿಟ್ಯಾಚ್' ಅಂತ 6.5 ಟ್ಯಾಗ್‌ನಿಂದ ಬೇರೆ ಜಾಗದಲ್ಲಿ ಹೊಸ ಪ್ರತಿ ತೆಗೆದು ಅಲ್ಲಿ ಕೆಲಸ. ಒಂದು ಪ್ಯಾಚ್ ಹಾಕಿದ ತಕ್ಷಣ ಅದರ ಹೆಸರಿನಲ್ಲಿ ಗಿಟ್‌ನಲ್ಲಿ ಒಂದು ಕಮಿಟ್ (ಆ ಹಂತದ ದಾಖಲೆ). ಕೆಟ್ಟರೆ ಆ ಪ್ರತಿಯನ್ನು ಎಸೆದು ಮೊದಲಿನಿಂದ. ಯಾವಾಗಲೂ ಶುದ್ಧ ಕೋಡ್‌ನಿಂದಲೇ ಶುರು ಆದ್ದರಿಂದ 'ಆಗಲೇ ಹಾಕಿದೆಯಾ' ಎಂಬ ಪ್ರಶ್ನೆಯೇ ಏಳುವುದಿಲ್ಲ. ಹೋದ ವಾರದ ಆ ಇಪ್ಪತ್ತು ಸಾಲು ಅಳಿಸಿದ್ದು ಇಲ್ಲಿ. ಡ್ರೈ-ರನ್ ಕೂಡ ತೆಗೆದೆ. ಎಸೆಯಬಹುದಾದ ಪ್ರತಿಯ ಮೇಲೆ ನಿಜವಾಗಿ ಹಾಕುವುದಕ್ಕಿಂತ ಒಳ್ಳೆಯ ಡ್ರೈ-ರನ್ ಇಲ್ಲ.

ಜೂನ್ 16, ಭಾನುವಾರ: ಸುಳ್ಳು ಹೇಳಿದ ಸ್ಕ್ರಿಪ್ಟ್

ಪರದೆಯಲ್ಲೂ ಕಾಣಲಿ, ಲಾಗ್‌ಗೂ ಹೋಗಲಿ ಅಂತ ಪ್ಯಾಚ್‌ನ ಔಟ್‌ಪುಟ್ ಅನ್ನು ಪೈಪ್ ಮಾಡಿ ಟೀ ಕಮಾಂಡ್‌ಗೆ ಕೊಟ್ಟೆ. ಆಮೇಲೆ ನೋಡಿದರೆ ಹನ್ನೊಂದಕ್ಕೂ 'ಸರಿ'. ಕುಣಿದಾಡುವಷ್ಟು ಖುಷಿ. ಪ್ಯಾಂಗೋ ಇಷ್ಟು ಸುಲಭಕ್ಕೆ ಹತ್ತುವ ಪ್ಯಾಚ್ ಅಲ್ಲವಲ್ಲ ಅಂತ ಅನುಮಾನ ಬಂದು ಲಾಗ್ ನೋಡಿದೆ. ಎರಡು ಕಡೆ 'ಫೇಲ್ಡ್' ಅಂತಲೇ ಇತ್ತು.

ಪೈಪ್ ಹಾಕಿದರೆ ಶೆಲ್ ನೋಡುವುದು ಕೊನೆಯ ಕಮಾಂಡ್‌ನ ಎಕ್ಸಿಟ್ ಕೋಡ್ ಮಾತ್ರ. ಟೀ ಬರೆದು ಮುಗಿಸಿತು, ಸೊನ್ನೆ ಕೊಟ್ಟಿತು. ಪ್ಯಾಚ್ ಸತ್ತದ್ದು ಯಾರಿಗೂ ಗೊತ್ತಾಗಲಿಲ್ಲ. ನಡುವಿನದು ಸೋತರೂ ಸೋಲು ಅಂತ ಎಣಿಸುವ ಸೆಟ್ -ಒ ಪೈಪ್‌ಫೇಲ್ ಸೇರಿಸಿದೆ. ಮೊದಲ ಸಾಲಿನಲ್ಲೇ 'ಇಲ್ಲೀಗಲ್ ಆಪ್ಷನ್' ಅಂತ ಬಂತು. ಸ್ಕ್ರಿಪ್ಟ್‌ನ ತಲೆಯಲ್ಲಿ ಬಿನ್-ಎಸ್‌ಎಚ್ ಅಂತ ಇತ್ತು, ಡೆಬಿಯನ್‌ನಲ್ಲಿ ಅದು ಬ್ಯಾಷ್ ಶೆಲ್ ಅಲ್ಲ, ಡ್ಯಾಷ್ ಎಂಬ ಚಿಕ್ಕ ಶೆಲ್. ಈ ಡ್ಯಾಷ್‌ಗೆ ಪೈಪ್‌ಫೇಲ್ ತಿಳಿಯದು. ತಲೆ ಸಾಲನ್ನು ಬ್ಯಾಷ್ ಮಾಡಿದೆ.

ಈಗ ನಿಜವಾದ ಫೇಲ್‌ಗಳು ಕಂಡವು. ಹೆಚ್ಚಿನವು ಒಂದೇ ಫೈಲ್‌ನಲ್ಲಿ: ಕಾನ್ಫಿಗ್.ಡೆಫ್.ಹೆಚ್. ಪ್ರತಿಯೊಬ್ಬ ಪ್ಯಾಚ್ ಬರೆದವರೂ ತಮ್ಮ ಕೀಬೋರ್ಡ್ ಶಾರ್ಟ್‌ಕಟ್ ಸಾಲನ್ನು ಅದೇ ಪಟ್ಟಿಯ ಅದೇ ಜಾಗದಲ್ಲಿ ತುರುಕುತ್ತಾರೆ. ಬಸ್ಸಿನ ಕಿಟಕಿ ಸೀಟಿಗೆ ಹನ್ನೊಂದು ಟವೆಲ್. ಮೊದಲನೆಯದು ಕೂತ ಮೇಲೆ ಉಳಿದವಕ್ಕೆ ಅಕ್ಕಪಕ್ಕದ ಸಾಲು ಹೊಂದುವುದಿಲ್ಲ.

ಆದರೆ ಆ ಫೈಲ್‌ನಲ್ಲಿ ಪ್ಯಾಚ್ ಹಾಕುವ ಅಗತ್ಯವೇ ನನಗಿಲ್ಲ. ಕಂಪೈಲ್ ಆಗುವುದು ಕಾನ್ಫಿಗ್.ಹೆಚ್, ಡೆಫ್ ಅಲ್ಲ. ಕಾನ್ಫಿಗ್.ಹೆಚ್ ಇಲ್ಲದಿದ್ದರೆ ಮಾತ್ರ ಮೇಕ್ ಫೈಲ್ ಡೆಫ್‌ನಿಂದ ಒಂದು ಪ್ರತಿ ಮಾಡಿಕೊಳ್ಳುತ್ತದೆ. ನನ್ನ ಕಾನ್ಫಿಗ್.ಹೆಚ್ ನನ್ನದೇ. ಹಾಗಾಗಿ ಪ್ಯಾಚ್‌ಯುಟಿಲ್ಸ್‌ನ ಫಿಲ್ಟರ್‌ಡಿಫ್ ಬಳಸಿ ಎಲ್ಲ ಪ್ಯಾಚ್‌ನಿಂದಲೂ ಕಾನ್ಫಿಗ್.ಡೆಫ್.ಹೆಚ್ ಭಾಗವನ್ನು ಕತ್ತರಿಸಿ ತೆಗೆದೆ. ಜಗಳದ ಮುಕ್ಕಾಲು ಪಾಲು ಅಲ್ಲೇ ಮುಗಿಯಿತು. ಈ ಇಡೀ ಕೆಲಸದಲ್ಲಿ ಒಂದೇ ಒಂದು ಟಿಪ್ಸ್ ತಗೊಳ್ಳಿ ಅಂದರೆ ಇದನ್ನೇ ಕೊಡುತ್ತೇನೆ.

ಇದರಲ್ಲೂ ಒಂದು ಹೊಂಡ ಇದೆ. ಮೂವ್‌ಸ್ಟ್ಯಾಕ್.ಸಿ ಫೈಲನ್ನು ಒಳಗೆ ಸೇರಿಸುವ ಇನ್‌ಕ್ಲೂಡ್ ಸಾಲು ಇರುವುದು ಆ ಕಾನ್ಫಿಗ್ ಭಾಗದಲ್ಲೇ. ಅದನ್ನು ಕತ್ತರಿಸಿದ ಮೇಲೂ ಪ್ಯಾಚ್ ಹತ್ತುತ್ತದೆ, ಕಂಪೈಲ್ ಆಗುತ್ತದೆ, ಯಾವ ಎಚ್ಚರಿಕೆಯೂ ಬರುವುದಿಲ್ಲ. ಕೀ ಒತ್ತಿದರೆ ಮಾತ್ರ ಏನೂ ಆಗುವುದಿಲ್ಲ. ಇನ್‌ಕ್ಲೂಡ್ ಮತ್ತು ಕೀ ಸಾಲುಗಳನ್ನು ನನ್ನ ಕಾನ್ಫಿಗ್.ಹೆಚ್‌ಗೆ ಕೈಯಿಂದ ಸೇರಿಸಿದೆ.

ಜೂನ್ 22, ಶನಿವಾರ: ಪ್ಯಾಂಗೋ, ಕೈಕೆಲಸ

ನನ್ನ ಪ್ಯಾಂಗೋ ಪ್ಯಾಚ್ 6.2ರ ಕಾಲದ್ದು. ಆಮೇಲೆ ಡಿಆರ್‌ಡಬ್ಲ್ಯೂ.ಸಿ ಫೈಲ್‌ನಲ್ಲಿ ಅಕ್ಷರ ಮೂಡಿಸುವ ಫಂಕ್ಷನ್ ಸಾಕಷ್ಟು ಬದಲಾಗಿದೆ. ಇದನ್ನು ಯಾವ ಸ್ಕ್ರಿಪ್ಟೂ ಸರಿ ಮಾಡುವುದಿಲ್ಲ. ಒಂದು ಕಡೆ .ರೆಜ್, ಇನ್ನೊಂದು ಕಡೆ ಹೊಸ ಕೋಡ್ ತೆರೆದುಕೊಂಡು ಒಂದೊಂದೇ ಸಾಲು ಕೂರಿಸಿದೆ. ಬೆಳಗ್ಗೆ ಹತ್ತಕ್ಕೆ ಶುರು, ಮುಗಿದದ್ದು ಸಂಜೆ ಐದೂವರೆಗೆ. ಊಟಕ್ಕೆ ಎದ್ದದ್ದು ಬಿಟ್ಟರೆ ಕೂತಲ್ಲೇ. ಇದರ ಬಗ್ಗೆ ಬರೆಯಲು ಹೆಚ್ಚೇನಿಲ್ಲ, ತಾಳ್ಮೆ ಅಷ್ಟೇ.

ಹೀಗೆ ಸರಿ ಮಾಡಿದ್ದನ್ನು ಹೊಸ ಪ್ಯಾಚ್ ಆಗಿ ಉಳಿಸಿದರೆ ಮುಂದಿನ ಸಲ ಈ ಕೆಲಸ ಇಲ್ಲ. ಗಿಟ್ ಡಿಫ್ ತೆಗೆದು ಹಳೆಯ ಫೈಲ್ ಮೇಲೆ ಬರೆದೆ. ಹುಮ್ಮಸ್ಸಿನಲ್ಲಿ ಇನ್ನು ಕೆಲವನ್ನೂ ಹೀಗೇ ಹೊಸದು ಮಾಡಿದೆ. ಮರುಓಟದಲ್ಲಿ ಕಂಪೈಲರ್ ಕೂಗಿತು: ಮೂವ್‌ಸ್ಟ್ಯಾಕ್.ಸಿ ಇಲ್ಲ. ಗಿಟ್ ಡಿಫ್ ಹೊಸ ಫೈಲ್‌ಗಳನ್ನು ತೋರಿಸುವುದಿಲ್ಲ, ಮೊದಲು ಆಡ್ ಮಾಡಿರಬೇಕು. ಹೊಸ ಫೈಲ್ ತರುವುದೇ ಆ ಪ್ಯಾಚ್‌ನ ಕೆಲಸ, ನಾನು ಉಳಿಸಿದ್ದು ಖಾಲಿ ಫೈಲ್. ಈಗ ಡಿಫ್ ತೆಗೆಯುವುದು ಕಮಿಟ್ ಆದ ಮೇಲೆ ಮಾತ್ರ, ಒಂದು ಕಮಿಟ್‌ಗೂ ಅದರ ಹಿಂದಿನದಕ್ಕೂ ನಡುವೆ.

ಜೂನ್ 23, ಭಾನುವಾರ: ಮೇಕ್

ಹನ್ನೊಂದರಲ್ಲಿ ಹನ್ನೊಂದು. ಮೇಕ್ ಕೊಟ್ಟೆ. 'ಲಾಕ್‌ಫುಲ್‌ಸ್ಕ್ರೀನ್' ಅನ್ನುವುದು ಗೊತ್ತಿಲ್ಲ ಅಂತ ನಿಂತಿತು. 6.2ರಲ್ಲಿ ಇಲ್ಲದ ಸೆಟ್ಟಿಂಗ್ ಅದು, 6.3ರಿಂದ ಬಂದದ್ದು. ನನ್ನ ಹಳೆಯ ಕಾನ್ಫಿಗ್.ಹೆಚ್‌ನಲ್ಲಿ ಎಲ್ಲಿಂದ ಬರಬೇಕು? ಒಂದು ಸಾಲು ಸೇರಿಸಿದೆ. ನನ್ನ ಕಾನ್ಫಿಗ್ ಅನ್ನು ನಾನೇ ಇಟ್ಟುಕೊಂಡರೆ ಈ ತೆರಿಗೆ ಕಟ್ಟಲೇಬೇಕು. ಹೊಸ ವರ್ಷನ್‌ಗೆ ಹೋಗುವಾಗ ಎರಡು ವರ್ಷನ್‌ನ ಕಾನ್ಫಿಗ್.ಡೆಫ್.ಹೆಚ್ ನಡುವೆ ಡಿಫ್ ತೋರಿಸುವ ಒಂದು ಸಾಲನ್ನು ಸ್ಕ್ರಿಪ್ಟ್‌ಗೆ ಸೇರಿಸಿದೆ.

ನೇರವಾಗಿ ಇನ್‌ಸ್ಟಾಲ್ ಮಾಡಲಿಲ್ಲ. ಝೆಫರ್‌ನಲ್ಲಿ 1024 ಬೈ 600ರ ಒಂದು ಪುಟ್ಟ ಪರದೆ ತೆರೆದು ಅದರೊಳಗೆ ಹೊಸ ಡಿಡಬ್ಲ್ಯೂಎಂ ಓಡಿಸಿದೆ. ವಿಂಡೋ ಮ್ಯಾನೇಜರ್ ಕೆಟ್ಟರೆ ಸರಿ ಮಾಡಲು ಬೇಕಾದ ಟರ್ಮಿನಲ್ ಕೂಡ ಕೈಗೆ ಸಿಗುವುದಿಲ್ಲ, 2020ರಲ್ಲಿ ಆ ಪಾಠ ಆಗಿತ್ತು. ಹಳೆಯ ಬೈನರಿಯ ಒಂದು ಪ್ರತಿ ತೆಗೆದಿಟ್ಟು ಆಮೇಲೆ ಇನ್‌ಸ್ಟಾಲ್. ಲಾಗಿನ್ ಆದೆ. ಬ್ರೌಸರ್ ತೆರೆದೆ. ಬಾರ್‌ನಲ್ಲಿ 'ಮಾರುಕಟ್ಟೆ' ಸರಿಯಾಗಿ, ಟ ಕೆಳಗೆ ಟ ಒತ್ತು.

ಇಲ್ಲಿಗೆ ಮುಗಿಯಿತು ಅಂದುಕೊಂಡೆ.

ಜುಲೈ 2, ಮಂಗಳವಾರ: ನಿಜವಾದ ತಪ್ಪು

ಒಂದು ವಾರದಿಂದ ಏನೋ ಸರಿ ಇರಲಿಲ್ಲ. ನನ್ನ ಎರಡು ಚಿಲ್ಲರೆ ಪ್ಯಾಚ್‌ಗಳಲ್ಲಿ ಒಂದರ ಕೆಲಸ ಇದು: ಮಾಡ್-ಶಿಫ್ಟ್-3 ಒತ್ತಿ ಕಿಟಕಿಯನ್ನು 3ನೇ ಟ್ಯಾಗ್‌ಗೆ (ಡಿಡಬ್ಲ್ಯೂಎಂನಲ್ಲಿ ಟ್ಯಾಗ್ ಅಂದರೆ ವರ್ಕ್‌ಸ್ಪೇಸ್ ಇದ್ದ ಹಾಗೆ) ಕಳಿಸಿದರೆ ನಾನೂ ಅದರ ಹಿಂದೆ ಅಲ್ಲಿಗೆ ಹೋಗಬೇಕು. ಕಿಟಕಿ ಹೋಗುತ್ತಿತ್ತು, ನಾನು ಇಲ್ಲೇ ಉಳಿಯುತ್ತಿದ್ದೆ. ಕೈ ತಪ್ಪುತ್ತಿದೆ ಅಂದುಕೊಂಡೆ. ಮಂಗಳವಾರ ಬೆರಳು ಜಾರಿ ಕಂಟ್ರೋಲ್ ಕೂಡ ಒತ್ತಿಬಿಟ್ಟೆ. ಆಗ ಪರದೆ ಹಾರಿ 3ಕ್ಕೆ ಹೋಯಿತು. ಕಂಟ್ರೋಲ್ ಸೇರಿದರೆ ಅದು ಬೇರೆಯೇ ಕೆಲಸ: ಟಾಗಲ್‌ಟ್ಯಾಗ್, ಕಿಟಕಿಯನ್ನು ಎರಡು ಟ್ಯಾಗ್‌ನಲ್ಲೂ ಇಡುವುದು. ಅದು ಹಾರಬಾರದು.

ಕೋಡ್ ತೆಗೆದೆ. ನನ್ನ ಸಾಲು ಟ್ಯಾಗ್ ಫಂಕ್ಷನ್‌ನಲ್ಲಿ ಇಲ್ಲ. ಟಾಗಲ್‌ಟ್ಯಾಗ್ ಒಳಗೆ ಹೋಗಿ ಕೂತಿದೆ.

ಆದದ್ದು ಹೀಗೆ. ಈ ಎರಡು ಫಂಕ್ಷನ್‌ನ ಬಾಲ ಹೆಚ್ಚುಕಡಿಮೆ ಒಂದೇ: ಫೋಕಸ್, ಅರೇಂಜ್, ಮುಚ್ಚುವ ಬ್ರಾಕೆಟ್, ಇನ್ನೊಂದು ಬ್ರಾಕೆಟ್. ನನ್ನ ಸಾಲು ಹೋಗಬೇಕಾದದ್ದು ಅರೇಂಜ್ ಮತ್ತು ಬ್ರಾಕೆಟ್ ನಡುವೆ. ಈ ಸಲ ಹೊಸದಾಗಿ ಬರೆದ ಇನ್ನೊಂದು ಪ್ಯಾಚ್, ಬಾರ್‌ನ ಸ್ಕ್ರಿಪ್ಟ್‌ಗೆ ಸಿಗ್ನಲ್ ಕಳಿಸುವಂಥದ್ದು, ಟ್ಯಾಗ್ ಫಂಕ್ಷನ್‌ನ ಅದೇ ಜಾಗದಲ್ಲಿ ಮೊದಲೇ ಒಂದು ಸಾಲು ಸೇರಿಸಿತ್ತು. ಹಾಗಾಗಿ ಅಲ್ಲಿ ಅರೇಂಜ್ ಪಕ್ಕದಲ್ಲಿ ಬ್ರಾಕೆಟ್ ಇಲ್ಲ. ಪ್ಯಾಚ್ ಕಮಾಂಡ್ ಹುಡುಕಿತು. ಸಿಗಲಿಲ್ಲ. ಆಗ ತನ್ನ ಅಭ್ಯಾಸದಂತೆ ಸುತ್ತಲಿನ ಸಾಲುಗಳಲ್ಲಿ ಹೊರಗಿನದನ್ನು ಬಿಟ್ಟು ಹುಡುಕಿತು. ಇದೇ ಫಜ್. ಹೇಳದಿದ್ದರೆ ಎರಡು ಸಾಲಿನವರೆಗೂ ಹೀಗೆ ಬಿಡುತ್ತದೆ. ಬಿಟ್ಟದ್ದು ಒಂದೇ ಸಾಲು, ಎರಡು ಫಂಕ್ಷನ್ ನಡುವೆ ವ್ಯತ್ಯಾಸ ಇದ್ದದ್ದೂ ಆ ಒಂದೇ ಸಾಲಿನಲ್ಲಿ. ತೊಂಬತ್ತು ಚಿಲ್ಲರೆ ಸಾಲು ಕೆಳಗೆ ಹೊಂದುವ ಜಾಗ ಸಿಕ್ಕಿತು, ಹಾಕಿತು. ಎರಡೂ ಕಡೆ 'ಆರ್ಗ್' ಎಂಬ ಹೆಸರು ಇರುವುದರಿಂದ ಕಂಪೈಲರ್ ತುಟಿ ಬಿಚ್ಚಲಿಲ್ಲ.

ಜೂನ್ 23ರ ಲಾಗ್ ತೆಗೆದೆ. ಇತ್ತು. 'ಸಕ್ಸೀಡೆಡ್ ವಿತ್ ಫಜ್ 1', ಜೊತೆಗೆ ಆಫ್‌ಸೆಟ್ (ಜಾಗ ಸರಿದದ್ದು) ಎಷ್ಟು ಸಾಲು ಅಂತಲೂ ಬರೆದಿತ್ತು. ಕಮಾಂಡ್ ಏನನ್ನೂ ಮುಚ್ಚಿಟ್ಟಿರಲಿಲ್ಲ. ನಾನು 'ಸಕ್ಸೀಡೆಡ್' ತನಕ ಓದಿ ನಿಲ್ಲಿಸಿದ್ದೆ, ಸ್ಕ್ರಿಪ್ಟೂ ಎಕ್ಸಿಟ್ ಕೋಡ್ ಸೊನ್ನೆ ನೋಡಿ ಮುಂದೆ ಹೋಗಿತ್ತು.

ಸ್ಕ್ರಿಪ್ಟ್‌ಗೆ --ಫಜ್=0 ಸೇರಿಸಿ ಮತ್ತೆ ಓಡಿಸಿದೆ. ಮೂರು ಪ್ಯಾಚ್ ನಿಂತವು. ಎರಡು ಸರಿಯಾದ ಜಾಗದಲ್ಲೇ ಇದ್ದವು, ಸುಮ್ನೆ ಸುತ್ತಲಿನ ಸಾಲು ಹಳೆಯದಾಗಿತ್ತು. ಮೂರನೆಯದು ಇದು. ಮೂರನ್ನೂ ಕೈಯಿಂದ ಕೂರಿಸಿ ಹೊಸದಾಗಿ ಉಳಿಸಲು ಐವತ್ತು ನಿಮಿಷ. ಇಷ್ಟು ವರ್ಷ 6.2ರಲ್ಲಿ ಹೀಗೆ ಇನ್ನೇನು ತಪ್ಪು ಜಾಗದಲ್ಲಿ ಕೂತಿತ್ತೋ ನೋಡಲು ಧೈರ್ಯ ಬರಲಿಲ್ಲ. ಆ ಫೋಲ್ಡರ್ ಇನ್ನೂ ಹಾಗೇ ಇದೆ.

ಈಗಿನ ಸ್ಥಿತಿ

ಸ್ಕ್ರಿಪ್ಟ್ 41 ಸಾಲು. ನಡುವೆ ಒಮ್ಮೆ 90 ದಾಟಿತ್ತು. ಮಾಡುವುದು ಇಷ್ಟು: ಸೀರೀಸ್‌ನಲ್ಲಿರುವ ಎಲ್ಲ ಫೈಲ್ ಇದೆಯಾ ಅಂತ ಮೊದಲೇ ನೋಡುತ್ತದೆ. ಹೊಸ ವರ್ಕ್‌ಟ್ರೀ ತೆಗೆಯುತ್ತದೆ. ಒಂದೊಂದು ಪ್ಯಾಚ್‌ಗೂ 'ಪ್ಯಾಚ್ -ಪಿ1 --ಫಾರ್ವರ್ಡ್ --ಫಜ್=0 --ನೋ-ಬ್ಯಾಕಪ್-ಇಫ್-ಮಿಸ್‌ಮ್ಯಾಚ್', ಆಮೇಲೆ ಕಾನ್ಫಿಗ್ ಇಲ್ಲದೆ ಒಂದು ಕಮಿಟ್. ಎಕ್ಸಿಟ್ ಕೋಡ್ 1 ಇರಲಿ 2 ಇರಲಿ, ಪ್ಯಾಚ್‌ನ ಹೆಸರು ಮತ್ತು .ರೆಜ್ ಫೈಲ್‌ನ ದಾರಿ ತೋರಿಸಿ ಅಲ್ಲೇ ನಿಲ್ಲುತ್ತದೆ, ಸರಿ ಮಾಡಲು ಪ್ರಯತ್ನಿಸುವುದಿಲ್ಲ. ಕೊನೆಗೆ ಕಾನ್ಫಿಗ್.ಹೆಚ್ ಕಾಪಿ, ಮೇಕ್, ಝೆಫರ್. ಇನ್‌ಸ್ಟಾಲ್ ಮಾತ್ರ ನಾನೇ ಕೈಯಿಂದ ಮಾಡುತ್ತೇನೆ. ಎಲ್ಲ ಸೇರಿ ಹತ್ತು ಸೆಕೆಂಡ್ ಒಳಗೆ.

ಸಮಯದ ಲೆಕ್ಕ: ಸ್ಕ್ರಿಪ್ಟ್‌ಗೆ ಸುಮಾರು 17 ಗಂಟೆ, ಪ್ಯಾಂಗೋಗೆ 7, ಜುಲೈ 2ರ ರಿಪೇರಿಗೆ 2. ಪ್ರತಿ ವರ್ಷನ್‌ಗೂ ಕೈಯಿಂದ ಮಾಡಿದ್ದರೆ ಆರು ಗಂಟೆ ಆಗುತ್ತಿತ್ತೇನೋ. ಅಸಲು ಹುಟ್ಟಬೇಕಾದರೆ ಡಿಡಬ್ಲ್ಯೂಎಂನ ಇನ್ನೂ ನಾಲ್ಕು ವರ್ಷನ್ ಬರಬೇಕು. ಈ ಲೆಕ್ಕ ತಮ್ಮನಿಗೆ ಹೇಳಿಲ್ಲ.

ಬಾಕಿ ಇರುವುದು ಎರಡು. ಫಜ್ ಸೊನ್ನೆ ಇದ್ದರೂ ಆಫ್‌ಸೆಟ್‌ಗೆ ತಡೆ ಇಲ್ಲ. ಸುತ್ತಲಿನ ಸಾಲು ಪೂರ್ತಿ ಒಂದೇ ಥರ ಇರುವ ಎರಡು ಜಾಗ ಇದ್ದರೆ ಇನ್ನೂ ತಪ್ಪಬಹುದು. ಸದ್ಯಕ್ಕೆ ಲಾಗ್‌ನಲ್ಲಿ ಐವತ್ತಕ್ಕಿಂತ ಜಾಸ್ತಿ ಆಫ್‌ಸೆಟ್ ಕಂಡರೆ ಕೆಂಪು ಬಣ್ಣದಲ್ಲಿ ತೋರಿಸುವ ಹಾಗೆ ಗ್ರೆಪ್ ಒಂದು ಹಾಕಿದ್ದೇನೆ. ಇನ್ನೊಂದು ಸಿಸ್‌ಟ್ರೇ: ಪ್ಯಾಂಗೋ ಹಾಕಿದ ಮೇಲೆ ಬಾರ್ ಸ್ವಲ್ಪ ಎತ್ತರ ಆಗಿದೆ, ಟ್ರೇಯ ಐಕಾನ್‌ಗಳು ಎರಡು ಪಿಕ್ಸೆಲ್ ಮೇಲೆ ನಿಂತಿವೆ. ಮಳೆ ಇರುವ ಇನ್ನೊಂದು ಶನಿವಾರ ನೋಡಬೇಕು.